ತಗಡಿನ ರೈಲು ನನಗೆ ಕಲಿಸಿದ್ದು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ. ಭಾಷಣಕಾರರು ಬಿ.ಇ. ಪದವೀಧರರು, ಸಾಫ್ಟ್‌ವೇರ್ ಇಂಜಿನಿಯರ್, 2003-04ನೇ ಸಾಲಿನ ಎಸ್.ಎಸ್.ಎಲ್.ಸಿ. ವಿದ್ಯಾರ್ಥಿ.)



ಸಂಘದವರು ಫೋನ್ ಮಾಡಿದಾಗ "ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಉದ್ಯೋಗಾವಕಾಶಗಳು ಅನ್ನುವ ವಿಷಯದ ಮೇಲೆ ಮಕ್ಕಳಿಗೆ ಎರಡು ಮಾತು ಹೇಳಿ" ಅಂದರು. ನಾನು ಒಪ್ಪಿಕೊಂಡೆ. ಆಮೇಲೆ ಯೋಚನೆ ಮಾಡಿದೆ. ಆ ವಿಷಯ ಮಕ್ಕಳಿಗೆ ಅವರ ಮೊಬೈಲೇ ಹೇಳುತ್ತದೆ, ಅದೂ ನನಗಿಂತ ಚೆನ್ನಾಗಿ. ಈ ಶಾಲೆಯಲ್ಲಿ ಓದಿದವನಾಗಿ ನಾನು ಮಾತ್ರ ಹೇಳಬಹುದಾದದ್ದು ಏನಾದರೂ ಇದೆಯೇ ಅಂತ ಹುಡುಕಿದಾಗ ಕಂಡದ್ದು ಇದು. ಈ ಮೇಜಿನ ಮೇಲೆ ಇಟ್ಟಿದ್ದೇನೆ ನೋಡಿ. ಒಂದು ಇಂಜಿನ್, ಮೂರು ಬೋಗಿ. ತಗಡಿನ ಆಟಿಕೆ ರೈಲು. ಮುಖ್ಯೋಪಾಧ್ಯಾಯರ ಕ್ಷಮೆ ಕೋರಿ ಇವತ್ತು ಇದರ ಬಗ್ಗೆಯೇ ಮಾತಾಡುತ್ತೇನೆ.

ಹಳೆಯ ತಗಡಿನ ರೈಲುಬೋಗಿಗಳನ್ನು ಸಂಗ್ರಹಿಸಿ ರಿಪೇರಿ ಮಾಡುವುದು ನನ್ನ ಹವ್ಯಾಸ. ಹತ್ತು ವರ್ಷದಿಂದ ಮಾಡುತ್ತಿದ್ದೇನೆ. ದೊಡ್ಡ ಸಂಗ್ರಹವೇನಲ್ಲ, ಎಲ್ಲ ಸೇರಿ 23 ಬೋಗಿಗಳಿವೆ. ಅದರಲ್ಲಿ ಐದು ನಾನೇ ಎಣ್ಣೆ ಟಿನ್ನುಗಳನ್ನು ಕತ್ತರಿಸಿ ಹಳೆಯ ಮಾದರಿಯಲ್ಲಿ ಮಾಡಿದವು. ಮನೆಯಲ್ಲಿ ನನ್ನ ಹೆಂಡತಿ ಇದನ್ನು "ಗುಜರಿ ಇಲಾಖೆ" ಅಂತ ಕರೆಯುತ್ತಾಳೆ. ಅದು ಪೂರ್ತಿ ಸುಳ್ಳೂ ಅಲ್ಲ. ಎಷ್ಟೋ ಬೋಗಿಗಳು ಬಂದಿದ್ದು ಮಂಡಿ ಮೊಹಲ್ಲಾದ ಗುಜರಿ ಅಂಗಡಿಗಳಿಂದಲೇ. ಹಿತ್ತಾಳೆ ಚೊಂಬು, ಮುರಿದ ಫ್ಯಾನುಗಳ ಮಧ್ಯೆ ಸಿಕ್ಕ ಬೋಗಿಯನ್ನು ಅಂಗಡಿಯವರು ತೂಕಕ್ಕೆ ಹಾಕಿ, "ಸಾರ್, ಇದರಲ್ಲಿ ಕಬ್ಬಿಣ ಇಲ್ಲ, ಬರೀ ತಗಡು, ನೂರು ಗ್ರಾಮೂ ಬರಲ್ಲ, ಸುಮ್ನೆ ತಗೊಂಡ್ಹೋಗಿ" ಅಂದದ್ದೂ ಉಂಟು.

ಮೊದಲು ತಗಡು ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಮಕ್ಕಳೇ, ಇದು ನಿಮ್ಮ ವಿಜ್ಞಾನದ ಪಾಠದಲ್ಲೇ ಇದೆ. ತೆಳುವಾದ ಉಕ್ಕಿನ ಹಾಳೆಯ ಎರಡೂ ಬದಿಗೆ ತವರದ ಲೇಪ ಕೊಟ್ಟರೆ ಅದು ಡಬ್ಬಿ ಮಾಡುವ ತಗಡು. ನಿಮ್ಮ ಅಜ್ಜಿಯರನ್ನು ಕೇಳಿ, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದ ಕಾಲ ಅವರಿಗೆ ನೆನಪಿರುತ್ತದೆ. ಬೀದಿಯಲ್ಲಿ ಕುಳಿತು ತಿದಿ ಒತ್ತಿ, ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉಜ್ಜಿ, ತವರ ಸವರಿ, ಹತ್ತಿಯಲ್ಲಿ ಒರೆಸಿದರೆ ಪಾತ್ರೆಯ ಒಳಗೆ ಬೆಳ್ಳಿಯ ಹಾಗೆ ಹೊಳಪು. ಅದೇ ತವರ, ಉಕ್ಕಿನ ಮೇಲೆ. ಅಂದರೆ ತಗಡು ಎಂದರೆ ಕಲಾಯಿ ಹಾಕಿದ ಉಕ್ಕು.

ಇಲ್ಲೊಂದು ಸೂಕ್ಷ್ಮ ಇದೆ. ಬಕೆಟ್ಟಿಗೆ, ಶೀಟಿಗೆ ಸತುವಿನ ಲೇಪ ಕೊಡುತ್ತಾರೆ. ಸತು ಎಲ್ಲೋ ಒಂದು ಕಡೆ ಗೀರಿದರೂ ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ತವರ ಹಾಗಲ್ಲ. ಲೇಪ ಪೂರ್ತಿ ಇರುವ ತನಕ ಮಾತ್ರ ಕಾವಲು. ಒಂದು ಗೀರು ಬಿದ್ದರೆ ಆ ಜಾಗದಲ್ಲಿ ಕಬ್ಬಿಣ ಮೊದಲಿಗಿಂತ ಬೇಗ ತುಕ್ಕು ಹಿಡಿಯುತ್ತದೆ. ಆದ್ದರಿಂದ ತಗಡಿನ ಆಟಿಕೆಯನ್ನು ಉಪ್ಪು ಕಾಗದದಲ್ಲಿ ಉಜ್ಜಿ ಹೊಳಪು ತರಿಸುತ್ತೇನೆ ಅನ್ನುವವನು ಅದರ ಆಯುಸ್ಸನ್ನು ಉಜ್ಜಿ ತೆಗೆಯುತ್ತಿರುತ್ತಾನೆ.

ಈ ಆಟಿಕೆಗಳ ಚರಿತ್ರೆಯೂ ಚೆನ್ನಾಗಿದೆ. ಜರ್ಮನಿಯ ಗ್ಯೋಪಿಂಗೆನ್ ಎಂಬ ಊರಿನಲ್ಲಿ ಥಿಯೋಡೋರ್ ಮೆರ್ಕ್ಲಿನ್ ಎಂಬ ತಗಡು ಕೆಲಸಗಾರ 1859ರಲ್ಲಿ ಹೆಣ್ಣುಮಕ್ಕಳ ಗೊಂಬೆಮನೆಗೆ ತಗಡಿನ ಅಡುಗೆ ಪಾತ್ರೆ ಮಾಡಲು ಶುರುಮಾಡಿದ. ಮುಂದೆ ಅದೇ ಸಂಸ್ಥೆ 1891ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಆಟಿಕೆ ರೈಲನ್ನು ತಂದಿಟ್ಟಿತು. ಬರೀ ರೈಲಲ್ಲ. ಹಳಿಗಳಿಗೆ ನಿಗದಿತ ಅಳತೆ ಕೊಟ್ಟು, ಆ ಅಳತೆಗಳಿಗೆ ಒಂದೊಂದು ಸಂಖ್ಯೆ ಕೊಟ್ಟಿತು. ಅದರಿಂದ ಏನಾಯಿತು? ಈ ವರ್ಷ ಇಂಜಿನ್ ಕೊಂಡವರು ಮುಂದಿನ ವರ್ಷ ಒಂದು ಬೋಗಿ, ಅದರ ಮುಂದಿನ ವರ್ಷ ಒಂದು ಸ್ಟೇಷನ್ ಕೊಳ್ಳಬಹುದು, ಎಲ್ಲವೂ ಒಂದಕ್ಕೊಂದು ಹೊಂದುತ್ತವೆ. ನಮ್ಮ ಸಾಫ್ಟ್‌ವೇರಿನಲ್ಲಿ ಸ್ಟ್ಯಾಂಡರ್ಡ್ ಅಂತ ದಿನಕ್ಕೆ ಹತ್ತು ಸಲ ಹೇಳುತ್ತೇವಲ್ಲ, ಅದು ಇದೇ.

ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಫ್ರಾಂಕ್ ಹಾರ್ನ್‌ಬಿ ಎಂಬ ಗುಮಾಸ್ತ ತನ್ನ ಮಕ್ಕಳಿಗಾಗಿ ತೂತು ಕೊರೆದ ಲೋಹದ ಪಟ್ಟಿಗಳ ಆಟಿಕೆ ಮಾಡಿ 1901ರಲ್ಲಿ ಪೇಟೆಂಟ್ ಪಡೆದ. ಅದೇ ಮುಂದೆ ಮೆಕ್ಯಾನೋ ಎಂದು ಹೆಸರಾಯಿತು. 1920ರಲ್ಲಿ ಹಾರ್ನ್‌ಬಿ ರೈಲು ಬಂತು. ಮೊದಮೊದಲ ಹಾರ್ನ್‌ಬಿ ರೈಲುಗಳನ್ನು ನಟ್ಟು ಬೋಲ್ಟು ಹಾಕಿ ಜೋಡಿಸುತ್ತಿದ್ದರು, ಮಕ್ಕಳೇ ಬಿಚ್ಚಿ ಮತ್ತೆ ಕಟ್ಟಬಹುದಿತ್ತು. ಆಮೇಲೆ ತಗಡಿನ ಅಂಚಿನಲ್ಲೇ ಸಣ್ಣ ನಾಲಿಗೆ ಬಿಟ್ಟು, ಎದುರಿನ ಸೀಳಿಗೆ ತೂರಿಸಿ ಮಡಚುವ ವಿಧಾನ ಬಂತು. ಹಳಿಯ ಅಗಲ 32 ಮಿಲಿಮೀಟರ್, ಇದಕ್ಕೆ ಓ ಗೇಜ್ ಅಂತ ಹೆಸರು. ಸಂಗ್ರಾಹಕರಲ್ಲಿ ಹೆಚ್ಚಿನವರ ಹತ್ತಿರ ಇರುವುದು ಈ ಅಳತೆಯವೇ.

ತಗಡಿನ ಬೋಗಿ ಮಾಡುವ ಕ್ರಮ ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಮೊದಲು ಬೋಗಿ ಮಾಡಿ ಆಮೇಲೆ ಬಣ್ಣ ಬಳಿಯುವುದಿಲ್ಲ. ಚಪ್ಪಟೆ ಹಾಳೆಯ ಮೇಲೆ ಮೊದಲೇ ಕಿಟಕಿ, ಬಾಗಿಲು, ಹಿಡಿಕೆ, ಕೆಲವೊಮ್ಮೆ ಕಿಟಕಿಯಲ್ಲಿ ಇಣುಕುವ ಪ್ರಯಾಣಿಕರ ಮುಖ, ಎಲ್ಲವನ್ನೂ ಕಲ್ಲಚ್ಚಿನ ವಿಧಾನದಲ್ಲಿ ಮುದ್ರಿಸುತ್ತಾರೆ. ಆಮೇಲೆ ಪ್ರೆಸ್ಸಿನಲ್ಲಿ ಕತ್ತರಿಸಿ, ಮಡಚಿ, ನಾಲಿಗೆ ತೂರಿಸಿ ಜೋಡಿಸುತ್ತಾರೆ. ಲಗ್ನಪತ್ರಿಕೆ ಮುದ್ರಿಸಿ ಮಡಚಿದ ಹಾಗೆ. ಬಣ್ಣ ಹೋದರೆ ಬೋಗಿಯೇ ಹೋದ ಹಾಗೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಬಡತನದಲ್ಲೂ ಈ ಕೆಲಸ ನಡೆದಿದೆ. ಎರಡನೇ ಮಹಾಯುದ್ಧ ಮುಗಿದ 1945ರಲ್ಲಿ ಜಪಾನಿನಲ್ಲಿ ಅಮೆರಿಕನ್ ಸೈನಿಕರು ಬಿಸಾಡಿದ ಡಬ್ಬಿಗಳ ತಗಡಿನಿಂದ ಆಟಿಕೆ ಜೀಪು ಮಾಡಿ ಮಾರಿದರು. ನಮ್ಮಲ್ಲೂ ಅಷ್ಟೇ. ನನ್ನ ಹತ್ತಿರ ಇರುವ ಒಂದು ಹಳೆಯ ಗೂಡ್ಸ್ ಬೋಗಿಯ ಹೊರಗೆ ಹಸಿರು ಬಣ್ಣ, ಒಳಗೆ ತಿರುಗಿಸಿ ನೋಡಿದರೆ ಯಾವುದೋ ಎಣ್ಣೆ ಡಬ್ಬಿಯ ಅರ್ಧ ಅಕ್ಷರಗಳು. ಯಾವನೋ ಒಬ್ಬ ಕುಶಲಕರ್ಮಿ ಖಾಲಿ ಡಬ್ಬಿಯನ್ನು ಒಳಗು ಹೊರಗು ಮಾಡಿ ಒಂದು ಮಗುವಿಗೆ ರೈಲು ಮಾಡಿಕೊಟ್ಟಿದ್ದಾನೆ. ನನ್ನ 23ರಲ್ಲಿ ನನಗೆ ತುಂಬ ಇಷ್ಟವಾದ ಬೋಗಿಗಳಲ್ಲಿ ಅದೂ ಒಂದು.

ಈಗ ಮೇಜಿನ ಮೇಲಿರುವ ಈ ರೈಲಿನ ವಿಷಯಕ್ಕೆ ಬರುತ್ತೇನೆ.

ನಮ್ಮ ತಾತ, ಅಂದರೆ ತಾಯಿಯ ತಂದೆ, ಅಶೋಕಪುರಂನ ರೈಲ್ವೆ ವರ್ಕ್‌ಶಾಪಿನಲ್ಲಿ ಪೇಂಟರ್ ಆಗಿದ್ದರು. 1924ರಲ್ಲಿ ಶುರುವಾದ ವರ್ಕ್‌ಶಾಪ್ ಅದು. ಇಲ್ಲಿ ಕೂತಿರುವವರಲ್ಲಿ ಎಷ್ಟೋ ಜನರ ಮನೆ ನಡೆದದ್ದು ಅದರ ಸಂಬಳದಿಂದ. ಅಲ್ಲಿನ ಸೈರನ್ ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಮನೆಗಳು ನಮ್ಮವು. ತಾತನ ಕೆಲಸ ಬೋಗಿಗಳಿಗೆ ಬಣ್ಣ ಹೊಡೆಯುವುದು, ಅದರ ಮೇಲೆ ನಂಬರ್ ಬರೆಯುವುದು. ಕೊರೆದ ಅಚ್ಚು ಇಟ್ಟು ಬಳಿಯುವ ಪದ್ಧತಿಯೂ ಇತ್ತು. ಆದರೆ ತಾತ ಕೈಯಲ್ಲೇ ಬರೆದರೂ ಅಚ್ಚಿನ ಹಾಗೆ ಕಾಣುತ್ತಿತ್ತು ಅಂತ ಅಮ್ಮ ಹೇಳುತ್ತಾರೆ.

1968ರ ಸುಮಾರಿಗೆ ತಾತ ದಸರಾ ವಸ್ತುಪ್ರದರ್ಶನದಲ್ಲಿ ಈ ರೈಲು ತಂದರಂತೆ. ಕೀ ಕೊಟ್ಟರೆ ಓಡುವ ಇಂಜಿನ್, ಮೂರು ಬೋಗಿ, ಗುಂಡಗೆ ಜೋಡಿಸುವ ಹಳಿ. ಮನೆಯಲ್ಲಿ ಮೂರು ಮಕ್ಕಳು. ನಮ್ಮ ದೊಡ್ಡ ಮಾವ, ದೊಡ್ಡಮ್ಮ, ಕೊನೆಯವರು ನಮ್ಮಮ್ಮ. ಅಂದಿನಿಂದ ಪ್ರತಿ ನವರಾತ್ರಿಗೂ ಗೊಂಬೆ ಕೂರಿಸುವಾಗ ಈ ರೈಲಿಗೆ ಒಂದು ಜಾಗ. ಮೈಸೂರಿನವರಿಗೆ ನಾನು ವಿವರಿಸಬೇಕಾಗಿಲ್ಲ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ, ಕೆಳಗೆ ಇಳಿಯುತ್ತ ದೇವರುಗಳು, ಚನ್ನಪಟ್ಟಣದ ಮರದ ಗೊಂಬೆಗಳು, ಕೊನೆಗೆ ನೆಲದ ಮೇಲೆ ಪಾರ್ಕು, ಝೂ. ತಟ್ಟೆಯಲ್ಲಿ ಮೊಳಕೆ ಬರಿಸಿದ ರಾಗಿ ಪೈರೇ ಗದ್ದೆ. ನಮ್ಮ ಮನೆಯಲ್ಲಿ ಆ ರಾಗಿ ಗದ್ದೆಯ ಸುತ್ತ ರೈಲು ಓಡುತ್ತಿತ್ತು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ, ಆಗ ತಾತ ತೀರಿಕೊಂಡು ಒಂದು ವರ್ಷವಾಗಿತ್ತು, ಇಂಜಿನ್ ಒಳಗೆ ಏನಿದೆ ನೋಡೋಣ ಅಂತ ಬಿಚ್ಚಿದೆ. ಸ್ಕ್ರೂ ಡ್ರೈವರ್ ಇರಲಿಲ್ಲ, ಚಾಕುವಿನಿಂದ ನಾಲಿಗೆಗಳನ್ನು ಎತ್ತಿದೆ. ಸುತ್ತಿಟ್ಟ ಸ್ಪ್ರಿಂಗು ಹಾವಿನ ಹಾಗೆ ಹಾರಿ ನನ್ನ ಎಡಗೈ ಕುಯ್ದಿತು. ಈ ಗುರುತು ಇನ್ನೂ ಇದೆ. ಗಾಯಕ್ಕಿಂತ ಹೆಚ್ಚಾಗಿ ಅಮ್ಮನ ಭಯ. ಮಾರನೇ ದಿನ ಎಲ್ಲ ಚೂರುಗಳನ್ನು ಊಟದ ಡಬ್ಬಿಗೆ ಹಾಕಿಕೊಂಡು ಶಾಲೆಗೆ ಬಂದೆ. ಯಾಕೆಂದರೆ ನಮಗೆ ಕ್ರಾಫ್ಟ್ ಮೇಷ್ಟ್ರು ಇದ್ದರು.

ಆ ಮೇಷ್ಟ್ರನ್ನು ನೋಡಿದ ನನ್ನ ಸಹಪಾಠಿಗಳು ಈಗಲೇ ನಗುತ್ತಿದ್ದಾರೆ. ಹಿಂದಿನ ಕಟ್ಟಡದ ಕೊನೆಯ ಕೊಠಡಿ, ಒಂದು ಉದ್ದನೆಯ ಮರದ ಬೆಂಚು, ನಾಲ್ಕು ತಗಡು ಕತ್ತರಿ, ಎರಡು ಮರದ ಸುತ್ತಿಗೆ, ಒಂದು ಬೆಸುಗೆ ಕಡ್ಡಿ, ಇಷ್ಟೇ ನಮ್ಮ ಪ್ರಯೋಗಾಲಯ. ಅಲ್ಲಿ ನಾವು ತಗಡಿನ ಆಲಿಕೆ ಮಾಡಿದೆವು, ಸೀಮೆಎಣ್ಣೆ ದೀಪ ಮಾಡಿದೆವು. ಬಹಳಷ್ಟು ಆಲಿಕೆಗಳು ಸೋರುತ್ತಿದ್ದವು. ಮೇಷ್ಟ್ರು ಸೋರುವ ಆಲಿಕೆಗೂ ನಂಬರ್ ಕೊಡುತ್ತಿದ್ದರು, ಆದರೆ ಎಲ್ಲಿ ಸೋರುತ್ತಿದೆ ಅಂತ ನೀವೇ ಹುಡುಕಿ ತೋರಿಸಬೇಕು.

ನನ್ನ ಊಟದ ಡಬ್ಬಿಯನ್ನು ತೆಗೆದು ನೋಡಿ ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ. "ಬಿಚ್ಚೋಕೆ ಮುಂಚೆ ಯಾವ್ದು ಎಲ್ಲಿತ್ತು ಅಂತ ಬರ್ಕೊಂಡಿದ್ದೀಯೇನೋ?"

"ಇಲ್ಲ ಸಾರ್."

"ಹಾಗಾದ್ರೆ ನೀನು ರಿಪೇರಿ ಮಾಡ್ತಿಲ್ಲ ಕಣೋ. ಗುಜರಿ ಮಾಡ್ತಿದ್ದೀಯ."

ಬೈದರು ಅಷ್ಟೇ, ಕೈಬಿಡಲಿಲ್ಲ. ಆರು ದಿನ ಮಧ್ಯಾಹ್ನದ ಬಿಡುವಿನಲ್ಲಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸ್ಪ್ರಿಂಗನ್ನು ತಂತಿಯಲ್ಲಿ ಕಟ್ಟಿ ಹಿಡಿದು, ಒಂದೊಂದೇ ಹಲ್ಲುಚಕ್ರ ಕೂರಿಸಿ, ಇಂಜಿನ್ನಿಗೆ ಜೀವ ಕೊಟ್ಟರು. ಮುರಿದ ಒಂದು ನಾಲಿಗೆಯ ಜಾಗದಲ್ಲಿ ಹೊಸ ತಗಡಿನ ತುಂಡನ್ನು ಒಳಗಿನಿಂದ ಬೆಸೆದರು. ಇವತ್ತಿಗೂ ಆ ಬೆಸುಗೆ ಬಿಟ್ಟಿಲ್ಲ. ಹೊರಗಿನಿಂದ ನೋಡಿದರೆ ಕಾಣುವುದೂ ಇಲ್ಲ.

ಆಮೇಲೆ ಪಿಯುಸಿ, ಇಲ್ಲೇ ಮೈಸೂರಿನಲ್ಲಿ ಬಿ.ಇ., ಕೆಲಸ. ಸಂಬಳ ಬರಲು ಶುರುವಾದ ಮೇಲೆ ರೈಲಿನ ಹುಚ್ಚು ಮತ್ತೆ ಹಿಡಿಯಿತು. ಅದಕ್ಕೆ ಕಾರಣವೂ ಮೈಸೂರೇ. ನಮ್ಮ ಸ್ಟೇಷನ್ನಿನ ಪಕ್ಕದ ರೈಲ್ವೆ ಮ್ಯೂಸಿಯಂ 1979ರಲ್ಲಿ ಆರಂಭವಾದದ್ದು, ದೆಹಲಿಯದನ್ನು ಬಿಟ್ಟರೆ ದೇಶದಲ್ಲೇ ಹಳೆಯದು. ಅಲ್ಲಿ ಮಹಾರಾಣಿಯವರ 1899ರ ಸಲೂನ್ ಬೋಗಿ ಇದೆ. ಭಾನುವಾರ ಅಲ್ಲಿಗೆ ಹೋಗಿ ನಿಂತರೆ, ನಾವು ಹೈಸ್ಕೂಲಿನಲ್ಲಿದ್ದಾಗ ಚಾಮರಾಜನಗರದ ಕಡೆಗೆ ಓಡುತ್ತಿದ್ದ ಮೀಟರ್ ಗೇಜ್ ಗಾಡಿಯ ನೆನಪು. ಒಂದು ಸಾವಿರ ಮಿಲಿಮೀಟರ್ ಅಗಲದ ಆ ಹಳಿ ಈಗಿಲ್ಲ, ಎಲ್ಲ ಬ್ರಾಡ್ ಗೇಜ್ ಆಗಿದೆ. ಒಳ್ಳೆಯದೇ ಆಯಿತು, ಗಾಡಿ ಬೇಗ ಹೋಗುತ್ತದೆ. ಆದರೆ ತಾತ ನಂಬರ್ ಬರೆದ ಬೋಗಿಗಳು ಅದರ ಜೊತೆಗೇ ಗುಜರಿಗೆ ಹೋದವು. ಒಂದು ಸಲ ಪುಣೆಗೆ ಆಫೀಸ್ ಕೆಲಸಕ್ಕೆ ಹೋದಾಗ ಅಲ್ಲಿನ ಜೋಶಿಯವರ ಕಿರು ರೈಲುಗಳ ಮ್ಯೂಸಿಯಂ ನೋಡಿದೆ. ಅಲ್ಲಿಂದ ಬರುವಾಗಲೇ ತೀರ್ಮಾನ ಮಾಡಿದ್ದೆ.

ಹಾಗೆ ಒಂದೊಂದೇ ಬೋಗಿ ಸೇರಿತು, ಒಂದೊಂದೇ ಕೆಲಸ ಕಲಿತೆ. ಧೂಳನ್ನು ಮೆತ್ತನೆ ಬ್ರಶ್ಶಿನಲ್ಲೇ ತೆಗೆಯಬೇಕು. ಬಗ್ಗಿದ ಜಾಗವನ್ನು ಒಳಗಿನಿಂದ ಮರದ ಕಡ್ಡಿಯಲ್ಲಿ ಒತ್ತಬೇಕು, ಕೆಳಗೆ ಮರಳಿನ ಚೀಲ ಇಟ್ಟುಕೊಳ್ಳಬೇಕು. ತುಕ್ಕಿಗೆ ಹೊಲಿಗೆ ಯಂತ್ರದ ಎಣ್ಣೆ, ತೀರ ನಯವಾದ ಉಕ್ಕಿನ ನಾರು, ಅಷ್ಟೇ. ನಾಲಿಗೆಯನ್ನು ಬಿಚ್ಚುವುದು ಒಂದೇ ಸಲ. ಯು ಪಿನ್ನನ್ನು ಹಿಂದೆ ಮುಂದೆ ಬಗ್ಗಿಸಿದರೆ ಮುರಿಯುತ್ತದಲ್ಲ, ಹಾಗೇ ಅದೂ ಮುರಿಯುತ್ತದೆ. ಕೆಲವು ಹಳೆಯ ಆಟಿಕೆಗಳ ಅಚ್ಚೊತ್ತಿದ ಚಕ್ರಗಳು ತಾವಾಗಿಯೇ ಬಿರುಕು ಬಿಟ್ಟು ಪುಡಿಯಾಗುತ್ತವೆ. ಅವು ಸತುವಿನ ಮಿಶ್ರಲೋಹದವು. ಎರಕ ಹೊಯ್ಯುವಾಗ ಸ್ವಲ್ಪ ಸೀಸ ಸೇರಿಕೊಂಡಿದ್ದರೆ ವರ್ಷಗಳ ಮೇಲೆ ಒಳಗಿಂದಲೇ ಕೊಳೆಯುತ್ತವೆ, ಅದಕ್ಕೆ ಔಷಧಿ ಇಲ್ಲ, ಚಕ್ರ ಬದಲಿಸಬೇಕು ಅಷ್ಟೇ. ಇನ್ನೊಂದು ಎಚ್ಚರಿಕೆ ಮಕ್ಕಳಿಗೆ ಹೇಳಲೇಬೇಕು. ಹಳೆಯ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಒಣಗಿದ ಬಣ್ಣವನ್ನು ಉಜ್ಜಿ ಪುಡಿ ಎಬ್ಬಿಸಬಾರದು, ಮುಟ್ಟಿದ ಮೇಲೆ ಕೈ ತೊಳೆಯದೆ ಏನನ್ನೂ ತಿನ್ನಬಾರದು.

ಇಷ್ಟೆಲ್ಲ ಕಲಿತ ಮೇಲೆ ನನಗೆ ಸ್ವಲ್ಪ ಅಹಂಕಾರವೂ ಬಂತು. 2017ರ ನವರಾತ್ರಿಗೆ ಮುಂಚೆ ತಾತನ ರೈಲನ್ನು ಹೊಸದರ ಹಾಗೆ ಮಾಡಿ ಅಮ್ಮನನ್ನು ಬೆರಗುಗೊಳಿಸಬೇಕು ಅಂದುಕೊಂಡೆ. ಮೂರೂ ಬೋಗಿಗಳ ಮೇಲೆ ಯಾರೋ ಇಟ್ಟಿಗೆ ಕೆಂಪಿನ ದಪ್ಪ ಬಣ್ಣ ಬಳಿದಿದ್ದರು. ಅದರ ಮೇಲೆ ಹಳದಿಯಲ್ಲಿ ಸಣ್ಣ ಸಣ್ಣ ಅಂಕಿಗಳು. ಮೇಲೆ ಬಳಿದ ಬಣ್ಣ ಇದ್ದರೆ ಆಟಿಕೆಯ ಬೆಲೆ ಇಳಿಯುತ್ತದೆ ಅಂತ ಸಂಗ್ರಾಹಕರು ಹೇಳುತ್ತಾರೆ. ಇದರ ಕೆಳಗೆ ಮೂಲದ ಮುದ್ರಣ ಇದ್ದೇ ಇರುತ್ತದೆ, ಕಿಟಕಿ, ಬಾಗಿಲು, ಪ್ರಯಾಣಿಕರ ಮುಖ, ಎಲ್ಲ ಹೊರಗೆ ಬರುತ್ತವೆ ಅನ್ನುವುದು ನನ್ನ ಲೆಕ್ಕ. ಮೂರರಲ್ಲಿ ಹೆಚ್ಚು ಬಣ್ಣ ಎದ್ದಿದ್ದ ಒಂದು ಬೋಗಿ ತೆಗೆದುಕೊಂಡೆ. ಹಾರ್ಡ್‌ವೇರ್ ಅಂಗಡಿಯಿಂದ ಬಣ್ಣ ತೆಗೆಯುವ ದ್ರಾವಣ ತಂದು ಸವರಿದೆ. ಹತ್ತು ನಿಮಿಷ ಬಿಟ್ಟು ಒರೆಸಿದೆ. ಕೆಂಪು ಬಂತು, ಹಳದಿ ಬಂತು, ಅದರ ಹಿಂದೆಯೇ ಕೆಳಗಿದ್ದ ಮುದ್ರಣವೂ ಬಟ್ಟೆಗೆ ಬಂತು. ಉಳಿದದ್ದು ಬೂದು ಬಣ್ಣದ ಬರೀ ತಗಡು. ಇದೇ ನೋಡಿ ಆ ಬೋಗಿ.

ಫೋಟೋ ತೆಗೆದಿರಲಿಲ್ಲ. ಅಂಕಿ ಏನಿತ್ತು ಅಂತ ಬರೆದುಕೊಂಡಿರಲಿಲ್ಲ. ದಿನವಿಡೀ ಆಫೀಸಿನಲ್ಲಿ "ಬ್ಯಾಕಪ್ ತಗೊಂಡ್ರಾ, ಬ್ಯಾಕಪ್ ತಗೊಂಡ್ರಾ" ಅಂತ ಹುಡುಗರ ಹಿಂದೆ ಬೀಳುವ ಮನುಷ್ಯ ನಾನು.

ಉಳಿದೆರಡನ್ನು ಮುಟ್ಟಲಿಲ್ಲ. ಮೂರನ್ನೂ ಹಾಗೇ ಪೆಟ್ಟಿಗೆಯಲ್ಲಿಟ್ಟೆ. ಮಹಾಲಯ ಅಮಾವಾಸ್ಯೆಯ ದಿನ ಅಮ್ಮ ಗೊಂಬೆ ಪೆಟ್ಟಿಗೆ ತೆಗೆದರು. ರಾಗಿ ತಟ್ಟೆ ಇಟ್ಟರು, ಹಳಿ ಜೋಡಿಸಿದರು, ಬೋಗಿಗಳನ್ನು ಒಂದೊಂದೇ ಎತ್ತಿಕೊಂಡರು. ಈ ಬೋಗಿಯನ್ನು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು.

"ಇದರ ನಂಬರ್ ಎಲ್ಲೋ?"

"ಯಾವ ನಂಬರಮ್ಮ?"

"ನಿಮ್ಮ ತಾತ ಬರೆದಿದ್ದು."

ಆಗ ಗೊತ್ತಾಯಿತು. ರೈಲು ತಂದ ವಾರದಲ್ಲೇ ಮೂರು ಮಕ್ಕಳಿಗೂ ಯಾವ ಬೋಗಿ ಯಾರದು ಅಂತ ಜಗಳ ಶುರುವಾಗಿತ್ತಂತೆ. ತಾತ ಮೂರಕ್ಕೂ ವರ್ಕ್‌ಶಾಪಿನ ಬೋಗಿಗಳ ಬಣ್ಣವನ್ನೇ ಬಳಿದು, ನಿಜವಾದ ಬೋಗಿಯ ಮೇಲೆ ಬರೆಯುವ ಹಾಗೆಯೇ ನಾಲ್ಕು ಅಂಕಿಯ ನಂಬರ್ ಬರೆದರು. ಒಂದರ ಮೇಲೆ 5811. ಅದು ದೊಡ್ಡ ಮಾವನದು, 1958ರ ನವೆಂಬರಿನಲ್ಲಿ ಹುಟ್ಟಿದವರು. ಇನ್ನೊಂದು 6102, ದೊಡ್ಡಮ್ಮನದು, 1961ರ ಫೆಬ್ರವರಿ. ಮೂರನೆಯದು 6407. ನಮ್ಮಮ್ಮ 1964ರ ಜುಲೈನಲ್ಲಿ ಹುಟ್ಟಿದವರು. ಹುಟ್ಟಿದ ದಿನವನ್ನು ಆಚರಿಸುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಕೇಕು, ದೀಪ ಯಾವುದೂ ಇಲ್ಲ. ತಾತ ಅದನ್ನು ಬೋಗಿಯ ಮೇಲೆ ಬರೆದಿದ್ದರು. ನಲವತ್ತೊಂಬತ್ತು ವರ್ಷ ಅಮ್ಮ ಅದನ್ನು ಪ್ರತಿ ನವರಾತ್ರಿಗೆ ಕೈಯಲ್ಲಿ ಹಿಡಿದು ರಾಗಿ ಗದ್ದೆಯ ಪಕ್ಕ ಇಡುತ್ತಿದ್ದರು. ನಾನು ಅದನ್ನು ಹತ್ತು ನಿಮಿಷದಲ್ಲಿ ಒರೆಸಿದ್ದೆ.

ಅಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೋಗಿಯನ್ನು ಅದರ ಜಾಗದಲ್ಲಿಟ್ಟು ಅಡುಗೆಮನೆಗೆ ಹೋದರು. ಎರಡು ದಿನ ನಾನೂ ಆ ವಿಷಯ ಎತ್ತಲಿಲ್ಲ. ಮೂರನೇ ದಿನ ಸಂಜೆ ಗೊಂಬೆಗೆ ಆರತಿ ಮಾಡಿ ಮುಗಿಸಿದ ಮೇಲೆ ನಾನೇ ಹೋಗಿ, "ಅಮ್ಮ, ಅದೇ ಬಣ್ಣ ತಂದು ಅದೇ ನಂಬರ್ ಬರೆಸಿಕೊಡ್ತೀನಿ" ಅಂದೆ.

"ಬರೆಸಬೇಡ" ಅಂದರು. "ಅದು ನಿಮ್ಮ ತಾತನ ಅಕ್ಷರ ಆಗಲ್ಲ." ಸ್ವಲ್ಪ ಹೊತ್ತಾದ ಮೇಲೆ ನನ್ನ ಮುಖ ನೋಡಿ ಅಂದರು, "ಪುಣ್ಯಕ್ಕೆ ನಂದೇ ಅಳಿಸಿದ್ದೀಯ. ಅಣ್ಣಂದು ಅಳಿಸಿದ್ದಿದ್ರೆ? ಬಿಡು, ನಾನಿನ್ನೂ ಇದ್ದೀನಲ್ಲ."

ದೊಡ್ಡ ಮಾವ 2012ರಲ್ಲೇ ತೀರಿಕೊಂಡಿದ್ದರು. ಮೂರು ಬೋಗಿಯಲ್ಲಿ ನಾನು ಕೈಗೆ ಸಿಕ್ಕ ಒಂದನ್ನು ಎತ್ತಿಕೊಂಡಿದ್ದೆ. ಯಾವುದು ಯಾರದು ಅಂತ ನನಗೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲದಿದ್ದದ್ದು ತಪ್ಪಲ್ಲ. ಅಮ್ಮ ಪಕ್ಕದ ಕೋಣೆಯಲ್ಲೇ ಇದ್ದರು, ಕೇಳಲಿಲ್ಲ. ಅದು ತಪ್ಪು.

ಆ ಬೋಗಿಗೆ ನಾನು ಬಣ್ಣ ಹಾಕಿಲ್ಲ. ತುಕ್ಕು ಹಿಡಿಯದ ಹಾಗೆ ವರ್ಷಕ್ಕೊಮ್ಮೆ ಮೇಣ ಸವರುತ್ತೇನೆ ಅಷ್ಟೇ. ಪ್ರತಿ ನವರಾತ್ರಿಗೂ ಎರಡು ಕೆಂಪು ಬೋಗಿಗಳ ಹಿಂದೆ ಒಂದು ಬೂದು ಬೋಗಿ ಓಡುತ್ತದೆ. ಗೊಂಬೆ ನೋಡಲು ಬಂದವರು ಅದು ಯಾಕೆ ಹೀಗಿದೆ ಅಂತ ಕೇಳುತ್ತಾರೆ. ಅಮ್ಮ ಆಗ ತಾತನ ಕಥೆ ಹೇಳುತ್ತಾರೆ. ನನ್ನ ಕಥೆಯನ್ನೂ ಬಿಡುವುದಿಲ್ಲ.

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಯಾವುದೇ ಬೋಗಿ ಮನೆಗೆ ಬಂದರೂ ಮೊದಲು ಆರು ಕಡೆಯಿಂದ ಫೋಟೋ. ಆಮೇಲೆ ಕೊಟ್ಟವರಿಗೆ ಮೂರು ಪ್ರಶ್ನೆ. ಇದು ಯಾರದ್ದಾಗಿತ್ತು? ಯಾರು ಆಡುತ್ತಿದ್ದರು? ಇದರ ಮೇಲೆ ಯಾರಾದರೂ ಏನಾದರೂ ಮಾಡಿದ್ದಾರಾ? ಈ ಮೂರನ್ನು ಬರೆದುಕೊಂಡ ಮೇಲೆಯೇ ಸ್ಕ್ರೂ ಡ್ರೈವರ್ ಕೈಗೆ. ಹೀಗೆ ಕೇಳಿದ ಮೇಲೆ ಎಷ್ಟೋ ಸಲ ನಾನು ರಿಪೇರಿಯನ್ನೇ ಮಾಡಿಲ್ಲ. ಒಬ್ಬ ಅಜ್ಜಿ ಕೊಟ್ಟ ಬೋಗಿಯ ಕಿಟಕಿಯ ಮೇಲೆಲ್ಲ ಮೊಳೆಯಲ್ಲಿ ಗೀಚಿದ ಗೆರೆಗಳಿದ್ದವು. ಕೇಳಿದರೆ, ತೀರಿಹೋದ ತಮ್ಮ ಸ್ಲೇಟು ಸಿಗದಿದ್ದಾಗ ಅದರ ಮೇಲೆ ಅ ಆ ಇ ಈ ಬರೆದದ್ದು ಅಂದರು. ಅದಕ್ಕೆ ಎಣ್ಣೆ ಸವರಿ ಅವರಿಗೇ ವಾಪಸ್ ಕೊಟ್ಟುಬಂದೆ.

ನನ್ನ ಕೆಲಸದಲ್ಲೂ ಇದು ಉಪಯೋಗಕ್ಕೆ ಬಂದಿದೆ, ಹಾಗಾಗಿ ಮುಖ್ಯೋಪಾಧ್ಯಾಯರು ಕೊಟ್ಟ ವಿಷಯಕ್ಕೂ ಸ್ವಲ್ಪ ನ್ಯಾಯ ಸಲ್ಲಿಸುತ್ತೇನೆ. ಸಾಫ್ಟ್‌ವೇರ್ ಅಂದರೆ ದಿನಾ ಹೊಸದು ಬರೆಯುವುದು ಅಂತ ನೀವು ತಿಳಿದಿರಬಹುದು. ನಮ್ಮ ಕಾಲು ಪಾಲು ಕೆಲಸವೂ ಅದಲ್ಲ. ಹತ್ತು ಹದಿನೈದು ವರ್ಷದ ಹಿಂದೆ ಯಾರೋ ಬರೆದದ್ದನ್ನು ಓದಿ, ಕೆಡದ ಹಾಗೆ ಸರಿಮಾಡುವುದೇ ಹೆಚ್ಚು. ಅರ್ಥವಿಲ್ಲದ ಹಾಗೆ ಕಾಣುವ ಒಂದು ಸಾಲು ಇರುತ್ತದೆ. ಹೊಸ ಹುಡುಗರು ಅದನ್ನು ಅಳಿಸಿಬಿಡುತ್ತಾರೆ. ಮಾರನೇ ದಿನ ಎಲ್ಲೋ ಒಂದು ಕಡೆ ಸಂಬಳದ ಲೆಕ್ಕ ತಪ್ಪುತ್ತದೆ. ನಾನು ಅವರಿಗೆ ಹೇಳುವುದು ನಮ್ಮ ಕ್ರಾಫ್ಟ್ ಮೇಷ್ಟ್ರ ಮಾತನ್ನೇ.

ಆ ಮೇಷ್ಟ್ರು ಈಗ ನಮ್ಮ ಜೊತೆಗಿಲ್ಲ. 15ನೇ ವಯಸ್ಸಿನಲ್ಲಿ ಕೇಳಿಸಿಕೊಂಡ ಮಾತು ನನಗೆ ಅರ್ಥವಾಗಲು 29 ವರ್ಷವಾಗಬೇಕಾಯಿತು. ಅವರಿಗೆ ಹೋಗಿ ಹೇಳೋಣ ಅಂದುಕೊಳ್ಳುವಷ್ಟರಲ್ಲಿ ಅವರು ಇರಲಿಲ್ಲ.

ಕೊನೆಯದಾಗಿ ಸಂಘದವರಲ್ಲಿ ಒಂದು ವಿನಂತಿ. ಬೆಳಿಗ್ಗೆ ಬಂದಾಗ ಹಿಂದಿನ ಕಟ್ಟಡಕ್ಕೆ ಹೋಗಿ ನೋಡಿದೆ. ಕ್ರಾಫ್ಟ್ ಕೊಠಡಿಯ ಹೊರಗೋಡೆಯ ಮೇಲೆ ಮೇಷ್ಟ್ರು ಹುಡುಗರ ಕೈಯಲ್ಲಿ ಬರೆಸಿದ ಕರ್ನಾಟಕದ ನಕ್ಷೆ ಇನ್ನೂ ಇದೆ. ಬಣ್ಣ ಎದ್ದಿದೆ, ಜಿಲ್ಲೆಗಳ ಸಂಖ್ಯೆಯೂ ಹಳೆಯದು. ಸುವರ್ಣ ಮಹೋತ್ಸವದ ನೆನಪಿಗೆ ಇಡೀ ಶಾಲೆಗೆ ಹೊಸ ಬಣ್ಣ ಮಾಡಿಸುವ ಯೋಜನೆ ಇದೆ ಅಂತ ಕೇಳಿ ಸಂತೋಷವಾಯಿತು, ನನ್ನ ಕೈಲಾದದ್ದನ್ನು ನಾನೂ ಕೊಡುತ್ತೇನೆ. ಆ ಗೋಡೆಯನ್ನು ಉಳಿಸಲೇಬೇಕು ಅಂತ ನಾನು ಹಟ ಮಾಡುವುದಿಲ್ಲ. ಮಕ್ಕಳಿಗೆ ಸರಿಯಾದ ನಕ್ಷೆ ಬೇಕು, ಅದೂ ನಿಜ. ಆದರೆ ಬಣ್ಣದವರು ಬರುವ ಮುಂಚೆ ಒಂದು ಒಳ್ಳೆಯ ಫೋಟೋ ತೆಗೆಸಿ. ಆ ನಕ್ಷೆ ಬರೆದ ಹುಡುಗರು ಯಾರು ಅಂತ ಕೇಳಿ ಹೆಸರು ಬರೆದಿಡಿ. ಅವರಲ್ಲಿ ಇಬ್ಬರು ಮೂವರು ಇವತ್ತು ಇಲ್ಲೇ ಕೂತಿರಬಹುದು. ಕೇಳಿದರೆ ಹೇಳುತ್ತಾರೆ.

ಮಕ್ಕಳೇ, ನೀವೂ ಅಷ್ಟೇ. ಈ ಸಲ ಮನೆಗೆ ಹೋದಾಗ ಹಳೆಯ ಪೆಟ್ಟಿಗೆಯಲ್ಲಿ, ಅಟ್ಟದ ಮೇಲೆ ಏನಾದರೂ ಒಂದು ವಸ್ತು ಹುಡುಕಿ. ಡಬ್ಬಿಯೋ, ಗಡಿಯಾರವೋ, ಒಂದು ಹಳೆಯ ಕತ್ತರಿಯೋ. ಅದು ಯಾರದು ಅಂತ ಮನೆಯ ಹಿರಿಯರನ್ನು ಕೇಳಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಅವರು ಇರುವಾಗಲೇ ಕೇಳಿ.

ಈಗ ಮೇಜಿನ ಹತ್ತಿರ ಬನ್ನಿ, ನೂಕಾಡಬೇಡಿ. ಕೀ ಇಲ್ಲಿದೆ. 14 ಸುತ್ತು ಕೊಟ್ಟರೆ ಇಂಜಿನ್ ಹಳಿಯ ಮೇಲೆ ಒಂದೂವರೆ ಸುತ್ತು ಓಡುತ್ತದೆ, ಅದಕ್ಕಿಂತ ಜಾಸ್ತಿ ತಿರುಗಿಸಬೇಡಿ. ಇದರ ಒಳಗೆ ಒಂದು ಬೆಸುಗೆ ಇದೆ, ಅದನ್ನು ಮಾಡಿದ್ದು ಇದೇ ಶಾಲೆಯಲ್ಲಿ.